ಹಾವಿನ ಅಡಗುದಾಣಕ್ಕೆ ಕೈಹಾಕುವ ಮುನ್ನ

ಹಾವು ತನ್ನ ಆಯುಷ್ಯದ ಬಹುಪಾಲನ್ನು ಯಾರ ಕಣ್ಣಿಗೂ ಬೀಳದೆ ಕಳೆಯುವ ಪ್ರಾಣಿ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಚಿರೆಕಲ್ಲಿನ ಪಾಗಾರದ ಸಂದು, ಕೊಟ್ಟಿಗೆಯ ಬದಿಯ ಹುಲ್ಲಿನ ಕುತ್ರಿ, ತೋಟದಲ್ಲಿ ರಾಶಿಬಿದ್ದ ತೆಂಗಿನ ಮಡಲು, ಬೆಟ್ಟದಿಂದ ಗುಡಿಸಿ ತಂದ ದರಕು ಎಂಬ ಒಣ ಎಲೆಗಳ ಗುಡ್ಡೆ, ಗೆದ್ದಲು ಬಿಟ್ಟುಹೋದ ಹುತ್ತ, ಹಿನ್ನೀರಿನ ಅಂಚಿನ ಏಡಿ ಬಿಲ, ಇವೆಲ್ಲವೂ ಒಂದಲ್ಲ ಒಂದು ಜಾತಿಯ ಹಾವಿಗೆ ಆಸರೆಯಾಗುತ್ತವೆ. ಅಂಥ ಜಾಗವನ್ನು ಮನುಷ್ಯ ಕೆದಕುವ ಸಂದರ್ಭಗಳು ಹಲವು: ಪಾಗಾರ ಕೆಡವುವಾಗ, ಕುತ್ರಿ ಬಿಚ್ಚುವಾಗ, ಮನೆಯೊಳಗೆ ಹೊಕ್ಕ ಹಾವನ್ನು ಹಿಡಿಸುವಾಗ, ಹಾಗೆಯೇ ಮೃಗಾಲಯದಲ್ಲಾಗಲಿ ಮನೆಯ ಗಾಜಿನ ಪೆಟ್ಟಿಗೆಯಲ್ಲಾಗಲಿ ಸಾಕಿದ ಹಾವಿನ ಆರೋಗ್ಯವನ್ನು ಪರೀಕ್ಷಿಸುವಾಗ. ಈ ಸಂದರ್ಭಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಹಾವಿನ ಮೈಗೆ ಅವುಗಳಿಂದ ತಗಲುವ ಪೆಟ್ಟು ಒಂದೇ ಬಗೆಯದು.

ಹಾವಿನ ದೇಹ ತನ್ನ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳುವುದಿಲ್ಲ. ಸುತ್ತಲಿನ ನೆಲ, ಗಾಳಿ ಮತ್ತು ಬಿಸಿಲಿನಿಂದ ಅದನ್ನು ಪಡೆಯುತ್ತದೆ. ಇಂಥ ಪ್ರಾಣಿಗಳನ್ನು ವಾಡಿಕೆಯಲ್ಲಿ ಶೀತರಕ್ತ ಪ್ರಾಣಿಗಳೆಂದು ಕರೆಯುತ್ತಾರೆ. ಹುತ್ತದ ಒಳಗೆ ಹೊರಗಿನ ಬಿಸಿ ತಂಪುಗಳ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲವಾದ್ದರಿಂದ ಮತ್ತು ಅಲ್ಲಿನ ತೇವ ಬೇಸಿಗೆಯಲ್ಲೂ ಪೂರ್ತಿ ಆರುವುದಿಲ್ಲವಾದ್ದರಿಂದ ಹಾವು ಅಲ್ಲಿ ಕಡಿಮೆ ಶಕ್ತಿ ವ್ಯಯಿಸಿ ಬದುಕಬಲ್ಲದು. ಹೊಸ ಚರ್ಮ ಬೆಳೆದು ಹಳೆಯದು ಸಡಿಲವಾಗುವ ಪೊರೆಯ ಕಾಲದಲ್ಲಿ ಕಣ್ಣನ್ನು ಮುಚ್ಚಿರುವ ಪಾರದರ್ಶಕ ಹುರುಪೆಯೂ ಮಂಜಾಗಿ, ಹಾವಿಗೆ ಕೆಲವು ದಿನ ಸರಿಯಾಗಿ ಕಾಣುವುದಿಲ್ಲ. ಆಗ ಅದಕ್ಕೆ ಮರೆಯೂ ತೇವವೂ ಎಂದಿಗಿಂತ ಹೆಚ್ಚು ಬೇಕಾಗುತ್ತವೆ. ಇಲಿಯನ್ನೋ ಕಪ್ಪೆಯನ್ನೋ ನುಂಗಿದ ಬಳಿಕವಂತೂ ಅದರ ಒಳಗೆ ನಡೆಯುವ ಕೆಲಸ ಅಸಾಧಾರಣವಾದುದು. ಬರ್ಮಾ ಹೆಬ್ಬಾವುಗಳಲ್ಲಿ ಊಟವಾದ ಸುಮಾರು 48 ಗಂಟೆಗಳಲ್ಲಿ ಹೃದಯದ ಕೆಳಕೋಣೆಗಳ ತೂಕ ಶೇಕಡ 40ರಷ್ಟು ಹೆಚ್ಚುತ್ತದೆ ಎಂಬುದನ್ನು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಈ ಹೊತ್ತಿನಲ್ಲಿ ಹಾವನ್ನು ಎಳೆದು ಎತ್ತಿದರೆ ಅದು ನುಂಗಿದ್ದನ್ನು ಕಕ್ಕಿಬಿಡುವುದುಂಟು. ಆ ಕಕ್ಕುವಿಕೆ ಗಂಟಲನ್ನು ಸುಡುವುದಲ್ಲದೆ ವಾರಗಟ್ಟಲೆ ಹಸಿವನ್ನೂ ಕೆಡಿಸುತ್ತದೆ.

ಮೈಯ ಎಲ್ಲ ಬದಿಗೂ ಗಟ್ಟಿ ಗೋಡೆ ತಾಗುವ ಇಕ್ಕಟ್ಟಾದ ಜಾಗದಲ್ಲಿ ಹಾವು ನೆಮ್ಮದಿಯಿಂದಿರುತ್ತದೆ ಎಂಬುದನ್ನು ಅದರ ನಡವಳಿಕೆ ಮತ್ತೆಮತ್ತೆ ತೋರಿಸುತ್ತದೆ. ಆ ಮರೆ ತಪ್ಪಿದಾಗ ಕಾರ್ಟಿಕೋಸ್ಟೀರಾನ್ ಎಂಬ ಒತ್ತಡದ ಹಾರ್ಮೋನು ರಕ್ತದಲ್ಲಿ ಏರಬಹುದು. ಅದು ಅಲ್ಪಕಾಲದ್ದಾದರೆ ಪ್ರಾಣಿಯನ್ನು ಅಪಾಯದಿಂದ ಪಾರುಮಾಡುವ ಸಹಜ ಏರ್ಪಾಡೇ ಸರಿ, ಆದರೆ ದಿನದಿನವೂ ಹಾಗಾಗುತ್ತಿದ್ದರೆ ಮೇವು ಬಿಡುವುದು, ರೋಗನಿರೋಧಕ ಶಕ್ತಿ ಕುಗ್ಗುವುದು ಮುಂತಾದ ತೊಂದರೆಗಳು ಹಿಂಬಾಲಿಸುತ್ತವೆ. ಹಾವು ಕೂಗುವುದಿಲ್ಲ, ಮುಖ ಸಿಂಡರಿಸುವುದೂ ಇಲ್ಲ. ಕೈಯಲ್ಲಿ ಅಲುಗದೆ ಕುಳಿತ ಹಾವನ್ನು ಸಾಧುವೆಂದು ನೋಡುವವರು ತಿಳಿಯುತ್ತಾರಾದರೂ ಆ ನಿಶ್ಚಲತೆ ಹಲವು ವೇಳೆ ಭಯದ್ದೇ ಆಗಿರುತ್ತದೆ.

ಸಾಕುವ ಮಾತಿಗೆ ಬಂದರೆ ಕಾನೂನನ್ನು ಮೊದಲು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರ, ಕಾಳಿಂಗ, ಹೆಬ್ಬಾವು ಮುಂತಾದ ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 2022ರ ತಿದ್ದುಪಡಿಯ ಬಳಿಕ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷಗಳ ಸಜೆ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂಥ, ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು 2024ರ ಫೆಬ್ರುವರಿಯಲ್ಲಿ ಹೊರಡಿಸಿದ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಈ ಹಾವುಗಳ ಹಿಂದೆ ಕಳ್ಳಸಾಗಣೆಯ ನೆರಳೂ ಇದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ತೋರಿಕೆಗಾಗಿ ಹಾವನ್ನು ಕೊಳ್ಳುವ ಹವ್ಯಾಸ ಕನ್ನಡನಾಡಿನಲ್ಲಿ ಬೆಳೆಯದಿರಲಿ ಎಂಬುದೇ ಈ ಲೇಖನದ ನಿಲುವು. ಆದರೂ ಈಗಾಗಲೇ ಪೆಟ್ಟಿಗೆಯಲ್ಲಿರುವ ಜೀವಿಗಳ ಹಿತವನ್ನು ಕಡೆಗಣಿಸುವಂತಿಲ್ಲ.

ಬಾಲ್ ಪೈಥಾನ್ ತನ್ನ ತವರಿನಲ್ಲಿ ಇಲಿಗಳ ಬಿಲ ಮತ್ತು ಗೆದ್ದಲಿನ ಹುತ್ತಗಳಲ್ಲಿ ಅಡಗುತ್ತದೆ. ಈ ಮಟ್ಟಿಗೆ ಅದರ ರೂಢಿ ಅಂಕೋಲೆಯ ನಾಗರಹಾವಿನದಕ್ಕಿಂತ ದೂರದ್ದಲ್ಲ. ಆದ್ದರಿಂದ ತಿಳಿದವರು ಪೆಟ್ಟಿಗೆಯ ಬೆಚ್ಚಗಿನ ತುದಿಯಲ್ಲೊಂದು, ತಂಪು ತುದಿಯಲ್ಲೊಂದು, ಹೀಗೆ ಎರಡು ಅಡಗುಗೂಡುಗಳನ್ನು ಇಡುತ್ತಾರೆ. ಒಂದನ್ನೇ ಇಟ್ಟರೆ ಹಾವು ಬಿಸಿ ಬೇಕೋ ಮರೆ ಬೇಕೋ ಎಂದು ಎರಡರಲ್ಲೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಗೂಡನ್ನು ಎತ್ತದೆಯೇ ತಿಳಿಯಬಹುದಾದ ಸಂಗತಿಗಳೇ ಹೆಚ್ಚು: ಹಿಕ್ಕೆ ಬಿದ್ದಿದೆಯೇ, ನೀರಿನ ಬಟ್ಟಲು ಬರಿದಾಗಿದೆಯೇ, ಬಿಟ್ಟ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಇಡಿಯಾಗಿ ಬಂದಿದೆಯೇ, ಕಣ್ಣಿನ ಎರಡು ಹುರುಪೆಗಳೂ ಅದರಲ್ಲಿವೆಯೇ, ರಾತ್ರಿ ಹೊರಬಂದಾಗ ಬಾಯಿ ತೆರೆದು ಉಸಿರಾಡುತ್ತಿದೆಯೇ, ನೀರಿನಲ್ಲಿ ಕಪ್ಪು ಚುಕ್ಕೆಗಳಂಥ ನುಸಿಗಳು ತೇಲುತ್ತಿವೆಯೇ. ಮಳೆಗಾಲದಲ್ಲಿ ಕಾರವಾರದಂಥ ಊರಿನ ಗಾಳಿಯೇ ನೀರಾಗಿರುವಾಗ ಹಾಸಿನಲ್ಲಿ ಬೂಷ್ಟು ಹಿಡಿದು ಹೊಟ್ಟೆಯಡಿಯ ಹುರುಪೆಗಳು ಕೊಳೆಯುವ ಭಯವಿರುವುದರಿಂದ ನೋಡುವ ಕೆಲಸ ಹೆಚ್ಚಬೇಕು, ಆದರೆ ಮುಟ್ಟುವ ಕೆಲಸ ಹೆಚ್ಚಬೇಕಾಗಿಲ್ಲ.

ಮುಟ್ಟಲೇಬೇಕಾದಾಗಲೂ ಕ್ರಮವೊಂದಿದೆ. ಮೇವು ತಿಂದ ಬಳಿಕ ಕನಿಷ್ಠ ಎರಡು ದಿನ, ದೊಡ್ಡ ಬೇಟೆಯಾಗಿದ್ದರೆ ಇನ್ನೂ ಹೆಚ್ಚು ದಿನ, ಮತ್ತು ಪೊರೆಯ ಕಾಲ ಮುಗಿಯುವವರೆಗೆ ಹಾವನ್ನು ಅದರ ಪಾಡಿಗೆ ಬಿಡಬೇಕು. ಗೂಡನ್ನು ಮೇಲಿನಿಂದ ಥಟ್ಟನೆ ಎತ್ತಿ ಕೈ ಚಾಚಿದರೆ ಹದ್ದೊಂದು ಎರಗಿದಂತೆಯೇ ಹಾವಿಗೆ ತೋರುತ್ತದೆ. ಪಕ್ಕದಿಂದ ನಿಧಾನವಾಗಿ ಸರಿಸಿ, ಕೊಕ್ಕೆಯ ಹಿಂಬದಿಯಿಂದ ಮೈಯ ನಡುಭಾಗವನ್ನು ಮೆಲ್ಲಗೆ ತಾಕಿಸಿದರೆ ಬಂದದ್ದು ಬೇಟೆಯಲ್ಲವೆಂದು ಅದಕ್ಕೆ ಗೊತ್ತಾಗುತ್ತದೆ. ತೂಕ ನೋಡಲು ಹಾವನ್ನು ಹೊರಗೆಳೆಯಬೇಕೆಂದೇನೂ ಇಲ್ಲ: ಗೂಡಿನ ಸಮೇತ ತಕ್ಕಡಿಯ ಮೇಲಿಟ್ಟು ಖಾಲಿ ಗೂಡಿನ ತೂಕವನ್ನು ಆಮೇಲೆ ಕಳೆದರಾಯಿತು. ಶುಚಿ ಮಾಡುವಾಗ ಎರಡೂ ಗೂಡುಗಳನ್ನು ಒಂದೇ ದಿನ ತೊಳೆಯದಿರುವುದು ಲೇಸು, ಏಕೆಂದರೆ ಹಾವು ನಾಲಿಗೆಯಿಂದ ಗಂಧದ ಕಣಗಳನ್ನು ಎತ್ತಿ, ಬಾಯಿಯ ಮೇಲ್ಛಾವಣಿಯಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸಿ ತನ್ನ ಜಾಗವನ್ನು ಗುರುತಿಸುತ್ತದೆ. ಎಲ್ಲ ಗಂಧವೂ ಒಮ್ಮೆಲೇ ಅಳಿದರೆ ಅದು ಅಪರಿಚಿತ ನೆಲದಲ್ಲಿ ಇಳಿದಂತಾಗುತ್ತದೆ. ವಿಷದ ಹಾವುಗಳನ್ನು ನೋಡಿಕೊಳ್ಳುವ ಮೃಗಾಲಯಗಳಲ್ಲಿ ಇನ್ನೂ ಒಳ್ಳೆಯ ಉಪಾಯವಿದೆ: ಹಾವು ತಾನಾಗಿ ಗೂಡಿನೊಳಗೆ ಸೇರಿದಾಗ ಹೊರಗಿನಿಂದಲೇ ಸರಿಸಬಹುದಾದ ಬಾಗಿಲನ್ನು ಮುಚ್ಚಿ, ಆವರಣವನ್ನು ಗುಡಿಸಿ, ಮತ್ತೆ ತೆರೆಯುತ್ತಾರೆ. ಇಲ್ಲಿ ಅಡಗುದಾಣ ಕೆಡುವ ಬದಲು ಅದೇ ಪಾಲಕನಿಗೂ ಹಾವಿಗೂ ರಕ್ಷಣೆಯಾಗುತ್ತದೆ.

ಇದೇ ತತ್ವ ಊರಿನೊಳಗೆ ಹಾವು ಹಿಡಿಯುವ ಕೆಲಸದಲ್ಲೂ ಅಷ್ಟೇ ಬೆಲೆಯುಳ್ಳದ್ದು. 3,000 ಮಿಲಿಮೀಟರಿನ ಆಸುಪಾಸಿನ ಮಳೆ ಸುರಿಯುವ ಈ ಕರಾವಳಿಯಲ್ಲಿ ಬಿಲಗಳಲ್ಲಿ ನೀರು ತುಂಬಿದಾಗ ಹಾವುಗಳು ಒಣ ಜಾಗ ಹುಡುಕಿ ಕೊಟ್ಟಿಗೆಗೂ ಜಗಲಿಗೂ ಬರುತ್ತವೆ. ಬಾಲ ಹಿಡಿದು ಜಗ್ಗಿ, ಜನರೆದುರು ಎತ್ತಿ ತೋರಿಸುವ ರೀತಿಯಲ್ಲಿ ಬೆನ್ನುಮೂಳೆಗೆ ಪೆಟ್ಟಾಗುವ ಸಾಧ್ಯತೆ ಇದೆ, ಹಿಡಿಯುವವನ ಜೀವಕ್ಕೂ ಕುತ್ತು ಇದೆ. ಅದಕ್ಕೆ ಬದಲಾಗಿ ದಪ್ಪ ಪೈಪಿನ ಒಂದು ತುದಿಗೆ ಕಪ್ಪು ಚೀಲ ಕಟ್ಟಿ ಇನ್ನೊಂದು ತುದಿಯನ್ನು ಹಾವಿನ ಮುಂದೆ ಇಟ್ಟರೆ, ಕತ್ತಲೆಯ ಬಿಲವೆಂದು ತಿಳಿದು ಅದು ತಾನೇ ಒಳಗೆ ನುಗ್ಗುತ್ತದೆ. ಪಾಗಾರದ ಸಂದಿನಲ್ಲಿ ಸೇರಿಕೊಂಡ ಕೇರೆಹಾವಿಗಾಗಿ ಗೋಡೆಯನ್ನೇ ಬಿಚ್ಚುವುದಕ್ಕಿಂತ ದಾರಿ ಬಿಟ್ಟು ಕಾಯುವುದು ಉತ್ತಮ. ಅದು ಇಲಿಯನ್ನು ಹುಡುಕಿ ಬಂದದ್ದು, ಗದ್ದಲ ಅಡಗಿದ ಮೇಲೆ ತಾನಾಗಿಯೇ ಹೋಗುತ್ತದೆ. ದರಕಿನ ಗುಡ್ಡೆಗೆ ಬರಿಗೈ ಹಾಕುವವರು ಮಾತ್ರ ಎಚ್ಚರದಿಂದಿರಬೇಕು. ಒಣ ಎಲೆಗಳ ಬಣ್ಣದಲ್ಲೇ ಬೆರೆತುಹೋಗುವ ಉಬ್ಬು ಮೂತಿಯ ಗುಳಿಮಂಡಲಗಳ ವಿಷಕ್ಕೆ, ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕಾಗಿ ತಯಾರಿಸಿದ ಪ್ರತಿವಿಷ ನೆಚ್ಚತಕ್ಕದ್ದಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ.

ಕಾರವಾರ ತಾಲ್ಲೂಕಿನ ಕೈಗಾ, ಕದ್ರಾ ಸುತ್ತಿನ ಕಾಡುಗಳಲ್ಲಿ ವಾಸಿಸುವ ಕಾಳಿಂಗ ಸರ್ಪದ ಗೂಡು ಈ ಚರ್ಚೆಗೆ ಅತ್ಯಂತ ಸೂಕ್ಷ್ಮವಾದ ಉದಾಹರಣೆ. ಪಶ್ಚಿಮ ಘಟ್ಟದ ಈ ಹಾವನ್ನು 2024ರಲ್ಲಿ ಓಫಿಯೋಫೇಗಸ್ ಕಾಳಿಂಗ ಎಂಬ ಪ್ರತ್ಯೇಕ ಪ್ರಭೇದವಾಗಿ ವಿಜ್ಞಾನಿಗಳು ಗುರುತಿಸಿದರು. ಮೊಟ್ಟೆಯಿಡಲು ಎಲೆಗಳ ಗೂಡು ಕಟ್ಟುವ ಹಾವು ಇದಾಗಿದ್ದು, ಹೆಣ್ಣು ತನ್ನ ಮೈಯ ಸುರುಳಿಯಿಂದ ಬಿದಿರೆಲೆ, ತರಗೆಲೆಗಳನ್ನು ಎಳೆದು ಗುಪ್ಪೆ ಮಾಡಿ ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳನ್ನಿಡುತ್ತದೆ, ಮೇಲೆ ಕುಳಿತು ವಾರಗಟ್ಟಲೆ ಕಾಯುತ್ತದೆ, ಮರಿಗಳು ಹೊರಬರುವ ಮೊದಲೇ ಹೊರಟುಹೋಗುತ್ತದೆ. ಆ ಎಲೆರಾಶಿಯನ್ನು ಕೆದಕಿದರೆ ಒಳಗಿನ ಹದವಾದ ಬಿಸಿಯೂ ತೇವವೂ ಕೆಡುತ್ತವೆ; ಮೊಟ್ಟೆಯನ್ನು ಬೇರೆಡೆಗೆ ಒಯ್ಯುವಾಗ ಮೇಲುಕೆಳಗಾದರೆ ಭ್ರೂಣ ಸಾಯುವ ಅಪಾಯವೂ ಇದೆ. 2005ರಲ್ಲಿ ಹಾವುತಜ್ಞ ರೋಮುಲಸ್ ವಿಟೇಕರ್ ಆರಂಭಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಊರವರನ್ನು ಒಪ್ಪಿಸಿ ಗೂಡನ್ನು ಇದ್ದಲ್ಲೇ ಉಳಿಸಿ, ಉಷ್ಣಮಾಪಕವಿಟ್ಟು, ಮರಿಯಾಗುವ ಹೊತ್ತಿಗೆ ಸುತ್ತ ಬಲೆ ಕಟ್ಟಿ, ಹೊರಬಂದ ಮರಿಗಳನ್ನು ಹತ್ತಿರದ ಕಾಡಿನಲ್ಲೇ ಬಿಡುವ ಕ್ರಮವನ್ನು ಬೆಳೆಸಿದರು. ಅದೇ ಕೇಂದ್ರದ ರೇಡಿಯೋ ಪತ್ತೆ ಅಧ್ಯಯನದಲ್ಲಿ, ಬೇರೆ ಕಡೆಯಿಂದ ತಂದು ಬಿಟ್ಟ ಕಾಳಿಂಗವು ಸ್ಥಳೀಯ ಹಾವಿನಂತೆ ಒಂದು ವಲಯದಲ್ಲಿ ನೆಲೆಗೊಳ್ಳದೆ ಒಂದೇ ದಿಕ್ಕಿಗೆ ದೂರ ಸಾಗಿದ್ದು ಕಂಡುಬಂದಿತು. ಹಾವನ್ನು ದೂರದ ಕಾಡಿಗೆ ಬಿಟ್ಟರೆ ಉಪಕಾರವಾಯಿತೆಂಬ ನಂಬಿಕೆಯನ್ನು ಇಂಥ ಫಲಿತಾಂಶ ಅಲುಗಿಸುತ್ತದೆ, ಏಕೆಂದರೆ ಹಾವಿಗೆ ತನ್ನ ವಲಯದ ಬಿಲ, ಬೇರು, ಕಲ್ಲುಸಂದುಗಳ ಪರಿಚಯವೇ ಬದುಕುವ ಬಂಡವಾಳ.

ನಾಗಬನದ ಮರ ಕಡಿಯಬಾರದು, ಹುತ್ತಕ್ಕೆ ಗುದ್ದಲಿ ಹಾಕಬಾರದು ಎಂಬ ಕರಾವಳಿಯ ಹಳೆಯ ಕಟ್ಟುಪಾಡು ಈ ದೃಷ್ಟಿಯಿಂದ ಬಹಳ ದೊಡ್ಡ ಉಪಕಾರ ಮಾಡಿದೆ. ನಾಗರ ಪಂಚಮಿಯಂದು ಹುತ್ತದ ಬಾಯಿಗೆ ಹಾಲು ಸುರಿಯುವುದರಿಂದ ಹಾವಿಗೆ ಪ್ರಯೋಜನವಿಲ್ಲ, ಹಾಲು ಅದರ ಆಹಾರವಲ್ಲ. ಹುತ್ತದ ಬುಡದಲ್ಲಿ ಹೂವಿಟ್ಟು ಹಿಂದಿರುಗಿದರೂ ಭಕ್ತಿಗೆ ಕೊರತೆಯಾಗದು. ಹಾವು ಹಿಡಿಯುವ ಕರೆಗಳಿಗೆ ಓಗೊಡುವ ಅರಣ್ಯ ಸಿಬ್ಬಂದಿ ಮತ್ತು ಹಾವು ರಕ್ಷಕರು ಪ್ರತಿ ಸಲವೂ ಹಾವಿನ ಜಾತಿ, ಅದು ಅಡಗಿದ್ದ ಜಾಗದ ಬಗೆ, ಹಿಡಿದ ಸಮಯ, ಬಿಟ್ಟ ಸ್ಥಳ ಮತ್ತು ಅಲ್ಲಿಗಿರುವ ದೂರವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಎಲ್ಲೆಡೆ ನೆಲೆಯೂರಬೇಕು. ಯಾವ ಊರಿನಲ್ಲಿ ಕುತ್ರಿಯನ್ನು ನೆಲದಿಂದ ಎತ್ತರದ ಅಟ್ಟಣಿಗೆಯ ಮೇಲೆ ಹಾಕಿಸಬೇಕು, ಯಾವ ಪಾಗಾರವನ್ನು ಮಳೆಗಾಲ ಮುಗಿದ ಮೇಲೆ ಕೆಡವಿಸಬೇಕು, ಯಾವ ಕೊಟ್ಟಿಗೆಯ ಇಲಿಗಳನ್ನು ಮೊದಲು ಓಡಿಸಬೇಕು ಎಂಬುದು ಅಂಥ ನಾಲ್ಕೈದು ವರ್ಷಗಳ ಬರಹದಿಂದಲೇ ಸ್ಪಷ್ಟವಾಗಬಲ್ಲದು.