ಎದುರು ಬಂದರೆ ಎಡವೇ ಬಲ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹಾದಿಯ ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ಕಸರತ್ತು ಕಂಡವರಿಗೊಂದು ಪ್ರಶ್ನೆ: ನೆಲದ ಮೇಲೆ ನಿಂತು, ರೇಡಿಯೋ ಅಲೆಗಳಿಂದ ಪುಟ್ಟ ಮಾದರಿ ವಿಮಾನಕ್ಕೆ ಅಂಥದೇ ಪಲ್ಟಿ ಹೊಡೆಸುವುದು ಸುಲಭವೇ? ಒಂದರ್ಥದಲ್ಲಿ ಅದೇ ಕಷ್ಟ. ಒಳಗೆ ಕುಳಿತ ಪೈಲಟ್‌ನ ಎಡ ಸದಾ ವಿಮಾನದ ಎಡವೇ. ನೆಲದಲ್ಲಿ ನಿಂತವನಿಗೆ, ವಿಮಾನ ತನ್ನತ್ತ ತಿರುಗಿದೊಡನೆ ಎಡ ಬಲವಾಗುತ್ತದೆ. ಆಗ ತಗ್ಗಿದ ರೆಕ್ಕೆಯ ಕಡೆಗೇ ಸ್ಟಿಕ್ ವಾಲಿಸಬೇಕು. ತಡವರಿಸಿದರೆ ಬಾಲ್ಸಾ ಮರ ಕೊಯ್ದು ಅಂಟಿಸಿದ ತಿಂಗಳುಗಳ ಶ್ರಮ ಮಣ್ಣುಪಾಲು.

ಆಸ್ಟ್ರಿಯದ ಹಾನೊ ಪ್ರೆಟ್ನರ್ 1977ರಲ್ಲಿ ವಿಶ್ವ ಚಾಂಪಿಯನ್ ಆದ ‘ಕುರಾರೆ’ಯಂಥ ಹಳೆಯ ಮಾದರಿಗಳನ್ನು ಹವ್ಯಾಸಿಗಳು ಈಗಲೂ ಕಟ್ಟುತ್ತಾರೆ. ಆ ಕಾಲದ ಎಂಜಿನ್‌ಗಳಿಗೆ ಮೆಥನಾಲ್ ಜೊತೆ ನಮಗೆ ಪರಿಚಿತವಾದ ಹರಳೆಣ್ಣೆಯನ್ನೂ ಬೆರೆಸುತ್ತಿದ್ದರು. ಇಂದು ಕಂಪ್ಯೂಟರ್‌ನ ಸಿಮ್ಯುಲೇಟರ್‌ನಲ್ಲಿ ವಿಮಾನ ನೂರು ಬಾರಿ ಬಿದ್ದರೂ ನಷ್ಟವಿಲ್ಲ. ಅಷ್ಟರಲ್ಲಿ ಎಡಬಲ ಬೆರಳಿಗೆ ರೂಢಿಯಾಗುತ್ತದೆ. ಮುರಿದ ರೆಕ್ಕೆಯನ್ನು ಮತ್ತೆ ಜೋಡಿಸುವ ವಿದ್ಯೆಯನ್ನು ಮಾತ್ರ ಅದು ಕಲಿಸದು.