ಮನೆಯ ಯಜಮಾನರು ಯಾರು?

ಚೆನ್ನೈನ ನಮ್ಮ ಕನ್ನಡ ಮನೆಗಳಲ್ಲಿ ಬೆಳಗಾಗುವುದು ಫಿಲ್ಟರ್ ಕಾಫಿಯ ಪರಿಮಳದೊಡನೆ. ಡಿಕಾಕ್ಷನ್ ತಾನಾಗಿ ತೊಟ್ಟಿಕ್ಕೀತು. ಆದರೆ ಕಾಫಿ ತಾನಾಗಿ ನಡೆದುಬಂದು ಪತ್ರಿಕೆ ಹಿಡಿದವರ ಕೈ ಸೇರದು. ತರುವವರೊಬ್ಬರು ಇರಬೇಕು. ಅವರು ಯಾರೆಂದು ಓದುಗರು ಬಲ್ಲರು.

ಗಂಡಸಿನ ದರ್ಪವೆಂದರೆ ಬೈಗುಳ, ಹೊಡೆತ ಎಂದಷ್ಟೇ ನಾವು ತಿಳಿಯುವುದುಂಟು. ಅಂಥದನ್ನು ಕಂಡರೆ ಛೀ ಎನ್ನುತ್ತೇವೆ. ಆದರೆ ದಿನನಿತ್ಯದ ಯಜಮಾನಿಕೆ ಸದ್ದಿಲ್ಲದೆ ಕಟ್ಟುವ ವೇಷ. ಬಾಗಿಲಿಗೆ ಬಂದವರು "ಯಜಮಾನರು ಇದ್ದಾರೆಯೇ?" ಎನ್ನುತ್ತಾರೆ. ಮನೆಯ ಲೆಕ್ಕಪತ್ರವನ್ನೆಲ್ಲ ತಾನೇ ನೋಡಿಕೊಳ್ಳುವ ಗೃಹಿಣಿಯೂ "ಅವರನ್ನು ಕೇಳಿ ಹೇಳುತ್ತೇನೆ" ಎನ್ನುತ್ತಾಳೆ. ಹಬ್ಬದ ದಿನ ಮೊದಲ ಪಂಕ್ತಿ ಗಂಡಸರದು. ಬೇಯಿಸಿ ಬಡಿಸಿದವರಿಗೆ ಕಡೆಯ ಪಂಕ್ತಿ, ಆರಿದ ಸಾರು. ಅಡಿಗೆ ರುಚಿಯಾದರೆ ಮೌನ, ಉಪ್ಪು ಕಡಮೆಯಾದರೆ ಮಾತು. ಮಗ ತಟ್ಟೆ ತೊಳೆಯಹೋದರೆ "ಗಂಡಸಿಗೇಕೆ ಗೌರಿ ದುಃಖ" ಎಂಬ ಗಾದೆ ಅಡ್ಡಬರುತ್ತದೆ. ಬಿದ್ದು ಅತ್ತರೆ "ಹೆಣ್ಣಿನ ಹಾಗೆ ಅಳುತ್ತೀಯಲ್ಲೋ" ಎನ್ನುತ್ತೇವೆ. ಅಳು ನುಂಗುವುದನ್ನು ಕಲಿತ ಹುಡುಗನಿಗೆ ಮುಂದೆ ಹೊರಗೆ ತೋರಿಸಲು ಉಳಿಯುವುದು ಸಿಟ್ಟೊಂದೇ.

ಇದು ಬರಿಯ ಊಹೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು ಕೊಡುವುದು 88 ನಿಮಿಷ. ಕೈಯನ್ನೇ ಹಚ್ಚದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ!

ಕಾನೂನು ನಮಗಿಂತ ಮುಂದೆ ನಡೆದಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ತಮಿಳುನಾಡು 1989ರಲ್ಲಿಯೂ ಕರ್ನಾಟಕ 1994ರಲ್ಲಿಯೂ ಸಮಪಾಲು ಕೊಟ್ಟವು. 2005ರಲ್ಲಿ ಆ ಹಕ್ಕು ದೇಶಕ್ಕೆಲ್ಲ, ಮದುವೆಯಾದವರಿಗೂ ಬಂದಿತು. 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯೆಂದಿತು. 2023ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ಅರ್ಹ ಗೃಹಿಣಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡತೊಡಗಿದಾಗ, ಅದನ್ನು 'ಉರಿಮೈ ತೊಗೈ', ಅಂದರೆ ಹಕ್ಕಿನ ಹಣ ಎಂದು ಕರೆಯಿತು. ಮನೆಯ ದುಡಿಮೆಯೂ ದುಡಿಮೆಯೇ ಎಂಬ ಮಾತು ಆ ಹೆಸರಿನಲ್ಲಿದೆ.

ಊರು ಬಿಟ್ಟು ಬಂದ ನಮಗೆ ಮಕ್ಕಳ ಮೊದಲ ಕನ್ನಡ ಶಾಲೆ ಮನೆಯೇ. ಅಲ್ಲಿ ಅವರು ಮಾತಿನೊಡನೆ ನಡತೆಯನ್ನೂ ಕಲಿಯುತ್ತಾರೆ. "ನೀರು ತಾ" ಎಂಬುದು ಗಂಡುಮಕ್ಕಳ ಕನ್ನಡ, "ಇಗೋ, ತಂದೆ" ಎಂಬುದು ಹೆಣ್ಣುಮಕ್ಕಳ ಕನ್ನಡ ಎಂದಾದರೆ, ನಾವು ಉಳಿಸಿದ್ದು ಯಾವ ಸಂಸ್ಕೃತಿಯನ್ನು?

ಸಂಘದ ಸಮಾರಂಭಗಳಲ್ಲಿ ರಂಗೋಲಿ, ಪ್ರಾರ್ಥನೆ, ಕೋಸಂಬರಿ ಸೋದರಿಯರ ಪಾಲಿಗೆ. ವೇದಿಕೆಯ ಕುರ್ಚಿ, ಹಾರ, ಭಾಷಣ ಗಂಡಸರ ಪಾಲಿಗೆ ಬರುವುದೇ ಹೆಚ್ಚು. ಮುಂದಿನ ರಾಜ್ಯೋತ್ಸವದಲ್ಲಿ ಈ ಪಾತ್ರಗಳನ್ನು ಅದಲುಬದಲು ಮಾಡಿ ನೋಡೋಣ. ಎಲೆ ಹಾಸಿ ಬಡಿಸುವ ಸರದಿ ಗಂಡಸರಾದ ನಮ್ಮದಾಗಲಿ, ಅಧ್ಯಕ್ಷ ಭಾಷಣ ಸೋದರಿಯರದಾಗಲಿ. ಮಕ್ಕಳು ನೋಡುತ್ತಿರುತ್ತಾರೆ.