ಕೆಂಪು ದೀಪ ಹತ್ತಿದರೆ ಯಾರು ಬರುತ್ತಾರೆ?

ಕಳೆದ ಮಳೆಗಾಲದಲ್ಲಿ ಸಾಗರದ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದಾಗ, ಜಗಲಿಯ ಗೋಡೆಗೆ ಹಾಕಿದ್ದ ಮೋಡೆಮ್‌ನಲ್ಲಿ ಕೆಂಪು ದೀಪ ಮಿಟುಕುತ್ತಿತ್ತು. ತೋಟದಲ್ಲಿ ಅಡಿಕೆ ಮರ ಮುರಿದು ಬಿದ್ದು ಫೈಬರ್ ತುಂಡಾಗಿ ಆಗಲೇ ಒಂಬತ್ತು ದಿನ. ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ದೂರು ದಾಖಲಾಗಿದೆ’ ಎಂಬ ಒಂದೇ ಉತ್ತರ. ಮೂರು ಮನೆ ಆಚೆ ಬೇರೆಯವರ ಸಂಪರ್ಕವೂ ಅದೇ ಗಾಳಿಗೆ ಕಡಿದಿತ್ತು. ಊರಿನ ಕೇಬಲ್ ಹುಡುಗ ಮರುದಿನ ಬೆಳಿಗ್ಗೆಯೇ ಬಂದು ಜೋಡಿಸಿ ಹೋಗಿದ್ದ. “ನಮ್ದು ನೂರು ಎಂಬಿಪಿಎಸ್, ಅವರದ್ದು ನಲವತ್ತು. ಎಂತ ಮಾಡೂದು ಮಾರಾಯ, ಆ ನೂರು ಕಟ್ಕೊಂಡು?” ಎಂದಳು ಅಕ್ಕ. ಡಿಗ್ರಿ ಓದುತ್ತಿರುವ ಮಗಳು ಅಸೈನ್‌ಮೆಂಟ್ ಕಳಿಸಲು ಕೊಡೆ ಹಿಡಿದು ಗುಡ್ಡ ಹತ್ತಿದ್ದಳು.

ಹಾಗಾಗಿ ಯಾವ ಕಂಪನಿಯ ನೆಟ್ ಹಾಕಿಸಲಿ ಎಂದು ಯಾರಾದರೂ ಕೇಳಿದರೆ, ನಿಮ್ಮ ಮನೆಯ ಮುಂದಿನ ಕಂಬದಲ್ಲಿ ಯಾರ ತಂತಿ ಇದೆ, ಅದು ಕಡಿದರೆ ಯಾರು ಬರುತ್ತಾರೆ ಎಂದು ನಾನು ತಿರುಗಿ ಕೇಳುತ್ತೇನೆ. ಬಿಎಸ್ಎನ್ಎಲ್ ಇರಲಿ, ಖಾಸಗಿಯವರಿರಲಿ, ಬಹಳ ಊರುಗಳಲ್ಲಿ ಮನೆಯವರೆಗಿನ ತಂತಿ ಎಳೆಯುವುದೂ ನೋಡಿಕೊಳ್ಳುವುದೂ ಸ್ಥಳೀಯ ಫ್ರಾಂಚೈಸಿ ಅಥವಾ ಕೇಬಲ್ ಆಪರೇಟರ್. ಬೋರ್ಡು ಒಂದೇ ಆದರೂ ಪಕ್ಕದ ಊರಲ್ಲಿ ಒಳ್ಳೆಯ ಸೇವೆ, ನಿಮ್ಮಲ್ಲಿ ಕೆಟ್ಟದ್ದು ಆಗುವುದು ಇದರಿಂದ. ಬೆಂಗಳೂರಿನ ಭಾವನ ಅನುಭವ ನಿಮಗೆ ಉಪಯೋಗಕ್ಕೆ ಬಾರದು. ಅದೇ ಕಂಬದಿಂದ ಸಂಪರ್ಕ ಪಡೆದ ನಾಲ್ಕು ಮನೆಯವರನ್ನು ವಿಚಾರಿಸಿ: ರಾತ್ರಿ ಎಂಟರಿಂದ ಹತ್ತರ ನಡುವೆ ಹೇಗೆ ಓಡುತ್ತದೆ, ಕಳೆದ ಜುಲೈನಲ್ಲಿ ಎಷ್ಟು ದಿನ ಬಂದಾಗಿತ್ತು, ಲೈನ್‌ಮನ್ ಯಾವ ಊರಿನವನು, ಫೈಬರ್ ಬೆಸೆಯುವ ಯಂತ್ರ ಅವನ ಬಳಿಯೇ ಇದೆಯೋ ತಾಲ್ಲೂಕು ಕೇಂದ್ರದಿಂದ ಬರಬೇಕೋ.

ರಾತ್ರಿಯ ಹೊತ್ತನ್ನೇ ಕೇಳುವುದಕ್ಕೆ ಕಾರಣವಿದೆ. ಫೈಬರ್ ಎಂದರೆ ಕೂದಲೆಳೆಯಷ್ಟು ಸಪೂರ ಗಾಜಿನ ದಾರ. ಅದರೊಳಗೆ ಹರಿಯುವುದು ಬೆಳಕು. ನಮ್ಮಲ್ಲಿ ಹೆಚ್ಚಾಗಿರುವ ಜಿಪಾನ್ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆ ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಕವಲೊಡೆದು 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಆ ಎಳೆ ಹೊರುವುದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. ಕೆರೆಯ ತೂಬು ಒಂದು, ಗದ್ದೆ ಹಲವು. ಜೊತೆಗೆ ಆಪರೇಟರ್ ಮೇಲಿನಿಂದ ಕೊಂಡುಕೊಂಡ ಸಾಮರ್ಥ್ಯವೇ ಕಡಿಮೆಯಿದ್ದರೆ, ಎಲ್ಲರೂ ಮೊಬೈಲ್ ಟಿವಿ ಹಿಡಿದು ಕೂತ ಹೊತ್ತಿನಲ್ಲಿ ನಿಮ್ಮ ನೂರು ಹದಿನೈದಾಗುತ್ತದೆ.

ಅಸಲಿಗೆ ಮನೆಗೆ ಎಷ್ಟು ಬೇಕು? ಸರ್ಕಾರದ ವ್ಯಾಖ್ಯೆಯಲ್ಲಿ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. 2023ಕ್ಕಿಂತ ಮೊದಲು 512 ಕೆಬಿಪಿಎಸ್ ಸಾಕಾಗಿತ್ತು. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಬೇಕು. ನಾಲ್ಕು ಜನರ ಮನೆಗೆ, ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಿದ್ದರೂ, ಕಡಿಯದೆ ಬರುವ 40 ಧಾರಾಳ ಸಾಕು. ಇಲ್ಲಿ ಬಿಟ್ ಮತ್ತು ಬೈಟ್ ಗೊಂದಲವೂ ಇದೆ. ಕಂಪನಿ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಆಗುವಾಗ ಪರದೆ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 40ರ ಪ್ಲಾನ್‌ನಲ್ಲಿ ಪರದೆಯ ಮೇಲೆ 5 ಕಂಡರೆ ಅದು ಮೋಸವಲ್ಲ, ಪೂರ್ತಿ ವೇಗ.

ಸಂಪರ್ಕ ಕೊಡುವ ದಿನ ಲೈನ್‌ಮನ್ ಪಕ್ಕದಲ್ಲೇ ನಿಂತಿರಿ. ತಂತಿ ಜೋಡಿಸಿದ ಮೇಲೆ ಅವನು ಅಂಗೈಯಗಲದ ಪವರ್ ಮೀಟರ್‌ಗೆ ತುದಿ ಸಿಕ್ಕಿಸಿ ನೋಡುತ್ತಾನೆ. ಅದರಲ್ಲಿ ಮೈನಸ್ 19, ಮೈನಸ್ 22 ಎಂಬಂಥ ಅಂಕಿ ಬರುತ್ತದೆ. ಅದು ಮನೆಗೆ ತಲುಪಿದ ಬೆಳಕಿನ ಅಳತೆ. ಮೈನಸ್ ಆದಮೇಲಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮೂರು ಹೆಚ್ಚಿದರೆ ಬೆಳಕು ಅರ್ಧಕ್ಕಿಳಿದಂತೆ. ಇಪ್ಪತ್ತರ ಆಸುಪಾಸು ಇದ್ದರೆ ನಿಶ್ಚಿಂತೆ. ಇಪ್ಪತ್ತೇಳರ ಹತ್ತಿರ ಬಂದಿದ್ದರೆ ಆ ಹೊತ್ತಿಗೆ ನೆಟ್ ಓಡಬಹುದು, ಆದರೆ ಎಲ್ಲೋ ಜಾಯಿಂಟ್ ಸರಿಯಿಲ್ಲ, ಇಲ್ಲವೇ ಬಾಗಿಲ ಸಂದಿಯಲ್ಲಿ ತಂತಿ ಮಡಚಿದೆ. ಗಾಜಿನ ದಾರವನ್ನು ಬಿಗಿಯಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಸಹಿ ಹಾಕುವ ಮೊದಲೇ ಸರಿ ಮಾಡಿಸಿಕೊಳ್ಳಿ, ಆ ಅಂಕಿಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದೆ ತೊಂದರೆ ಬಂದಾಗ ಹೋಲಿಸಿ ನೋಡಲು ಅದೊಂದು ಆಧಾರ.

ಹಣದ ವಿಷಯಕ್ಕೆ ಬಂದರೆ, ಜಾಹೀರಾತಿನ ದರದ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. ‘ಅನ್‌ಲಿಮಿಟೆಡ್’ ಎನ್ನುವ ಪ್ಲಾನ್‌ಗೂ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ. ದಾಟಿದರೆ ವೇಗ ಇಳಿಸುತ್ತಾರೆ. ಮಿತಿ 3,300 ಜಿಬಿ ಎಂದಿದ್ದರೆ ಮನೆಬಳಕೆಗೆ ಚಿಂತೆಯಿಲ್ಲ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಉಚಿತ ಎಂಬ ಆಸೆಗೆ ಮಾತ್ರ ಬೀಳಬೇಡಿ. ಒಂದು ಮಳೆಗಾಲ ಕಳೆಯುವವರೆಗೆ ತಿಂಗಳು ತಿಂಗಳು ಕಟ್ಟುವುದೇ ಕ್ಷೇಮ. ಅಕ್ಕ ಆರು ತಿಂಗಳದ್ದು ಮೊದಲೇ ಕಟ್ಟಿಬಿಟ್ಟಿದ್ದಳು. ಬಿಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ ಎಂಬ ಸ್ಥಿತಿ.

ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅದಿಲ್ಲದೆ ದೂರು ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಗ್ರಾಹಕ ನ್ಯಾಯಾಲಯವೂ ಟೆಲಿಕಾಂ ದೂರು ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಕರೆಂಟ್ ಹೋದರೆ ನೆಟ್ಟೂ ಹೋಯಿತು ಎಂದು ಬೇಸರಪಡುವವರು ಬಹಳ. ತಂತಿಗೆ ಕರೆಂಟ್ ಬೇಡ, ಮೋಡೆಮ್‌ಗೆ ಬೇಕು. ಮೋಡೆಮ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದ್ದರೆ ಅದಕ್ಕೆ ಹೊಂದುವ ಮಿನಿ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ನಡೆಯುತ್ತದೆ. ಇನ್ನು ಸಿಡಿಲು: ಗಾಜು ವಿದ್ಯುತ್ ಹರಿಸದಿದ್ದರೂ ಅದರ ಜೊತೆಗೆ ಬರುವ ಉಕ್ಕಿನ ಎಳೆ ಮತ್ತು ಗೋಡೆಯ ಪ್ಲಗ್ ಹರಿಸುತ್ತವೆ. ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತಿಡಿ. ಮಣ್ಣಿನ ದಪ್ಪ ಗೋಡೆಯ ಹಳೆ ಮನೆಗಳಲ್ಲಿ ವೈಫೈ ಒಳಕೋಣೆಗೆ ಮುಟ್ಟುವುದಿಲ್ಲ. ಓದುವ ಕೋಣೆಗೊಂದು ಲ್ಯಾನ್ ಕೇಬಲ್ ಎಳೆಸಿಬಿಡುವುದೇ ಕಡಿಮೆ ಖರ್ಚಿನ ದಾರಿ. ಫೈಬರ್ ಬಾರದ ಕಡೆ 5ಜಿ ಏರ್‌ಫೈಬರ್ ಇದೆ. ಹಾಕಿಸುವ ಮುಂಚೆ ಅದೇ ಕಂಪನಿಯ ಸಿಮ್ ಇರುವ 5ಜಿ ಮೊಬೈಲನ್ನು ಮಾಡಿನ ಹತ್ತಿರ ಹಿಡಿದು ರಾತ್ರಿ ಹೊತ್ತು ಪರೀಕ್ಷಿಸಿ.

ಇನ್ನು ಕಂಪ್ಯೂಟರ್. ಅಕ್ಕನ ಮಗಳಿಗೆ ಲ್ಯಾಪ್‌ಟಾಪ್ ಬೇಕಿತ್ತು. ಪೇಟೆಯ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಕಡಿಮೆ ಬೆಲೆಯ ‘ಐ5’, ರಿಫರ್ಬಿಶ್ಡ್. ಐ5 ಎಂಬ ಹೆಸರು ಹದಿನೈದು ವರ್ಷಕ್ಕೂ ಹಿಂದಿನಿಂದ ಇದೆ. ನೋಡಬೇಕಾದ್ದು ಅದರ ಮುಂದಿನ ಅಂಕಿ. 3320 ಎಂದಿದ್ದರೆ ಮೂರನೇ ತಲೆಮಾರು, 8350 ಎಂದರೆ ಎಂಟನೆಯದು, 1235 ಎಂದರೆ ಹನ್ನೆರಡನೆಯದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯದಕ್ಕೆ, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಹಿಡಿಯುವುದಿಲ್ಲ. ಅಂದರೆ ಅಂಥ ಹಳೆ ತಲೆಮಾರಿನ ಅಗ್ಗದ ಐ5 ಕೊಂಡ ದಿನವೇ ಹಳತು. ಹೊಸ ಐ3 ಅದಕ್ಕಿಂತ ಎಷ್ಟೋ ಮೇಲು.

ಓದು, ಟೈಪಿಂಗ್, ಆನ್‌ಲೈನ್ ಪಾಠಕ್ಕೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ ಇದ್ದರೆ ಸಾಕು. ಮುಂದೆ ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಕೆಲವು ತೆಳು ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. 64 ಜಿಬಿ ಇಎಂಎಂಸಿ ಎಂದಿರುವುದನ್ನು ಬಿಟ್ಟುಬಿಡಿ, ಅಪ್‌ಡೇಟ್‌ಗಳಿಗೇ ಜಾಗ ತುಂಬಿಹೋಗುತ್ತದೆ. ಪರದೆ ಫುಲ್ ಎಚ್‌ಡಿಯೇ ಇರಲಿ. ನಾವು ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು ಎರಡರಲ್ಲೂ ‘ಸ್ತ್ರೀ’, ‘ರಾಷ್ಟ್ರ’, ‘ಜ್ಯೋತ್ಸ್ನಾ’ ಎಂದು ಸಣ್ಣ ಅಕ್ಷರದಲ್ಲಿ ಬರೆದು ನೋಡಿದೆವು. ಕಡಿಮೆ ಪಿಕ್ಸೆಲ್‌ನ ಪರದೆಯಲ್ಲಿ ಒತ್ತಕ್ಷರಗಳು ಮಸಿ ಬಿದ್ದಂತೆ ಕೂಡಿಕೊಂಡಿದ್ದವು. ಕನ್ನಡ ಓದುವ ಕಣ್ಣಿಗೆ ಅದು ದಿನನಿತ್ಯದ ಹಿಂಸೆ. ಟೈಪ್ ಮಾಡಲು ವಿಂಡೋಸ್‌ನೊಳಗೇ ಕನ್ನಡ ಕೀಲಿಮಣೆ ಇದೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತ. ಯುನಿಕೋಡ್‌ನಲ್ಲೇ ಬರೆಯುವ ಅಭ್ಯಾಸ ಮೊದಲ ದಿನದಿಂದ ಮಾಡಿಸಿ, ಇಲ್ಲದಿದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ನಿಮ್ಮ ಬರಹ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ.

ಹಣ ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆಸಿ. ರ‍್ಯಾಮ್ ಎಷ್ಟು, ಡಿಸ್ಕ್ ಎಸ್ಎಸ್‌ಡಿಯೇ ಎಂಬುದು ಅಲ್ಲೇ ಕಾಣುತ್ತದೆ. ವಿಂಡೋಸ್ ಆಕ್ಟಿವೇಟ್ ಆಗಿದೆಯೇ ನೋಡಿ. ಹಳೆಯ ಯಂತ್ರವಾದರೆ ಬ್ಯಾಟರಿ ರಿಪೋರ್ಟ್ ತೆಗೆಸಿ, ತಯಾರಾದಾಗ ಇದ್ದ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಮನೆಯಲ್ಲೇ ಹಳೆ ಕಂಪ್ಯೂಟರ್ ಇದ್ದು ನಿಧಾನವಾಗಿದ್ದರೆ ಹೊಸತು ಕೊಳ್ಳುವ ಮೊದಲು ಎಸ್ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಕೂರಿಸಿ ನೋಡಿ. ಪತ್ರ, ಲೆಕ್ಕ, ಇಂಟರ್ನೆಟ್ಟಿಗೆ ಇನ್ನೂ ಕೆಲವು ವರ್ಷ ಬರುತ್ತದೆ.

ಎಲ್ಲ ನೋಡಿ ಆದಮೇಲೆ ಅಂಗಡಿಯವರು ಬಿಲ್ ಬರೆಯಲು ಕೂತರು. ಅಕ್ಕ ಬ್ಯಾಗು ಬಿಚ್ಚಲಿಲ್ಲ. “ಹಾಳಾದ್ರೆ ನೀವು ಯಾರನ್ನಾದ್ರೂ ನಮ್ಮನೆಗೆ ಕಳಿಸ್ತೀರೋ, ನಾವೇ ಹೊತ್ಕೊಂಡು ಬರ್ಬೇಕೋ?” ಎಂದು ಕೇಳಿದಳು. ಆನ್‌ಸೈಟ್ ವಾರಂಟಿ ಇದೆ ಎಂದರು. ಅದು ಎಲ್ಲ ಊರಿಗೂ ಅನ್ವಯಿಸುವುದಿಲ್ಲ, ಪಿನ್‌ಕೋಡ್ ಹಾಕಿ ನೋಡಬೇಕು ಎಂದೆ. ಅವರು ಬಿಲ್ ಪುಸ್ತಕ ಬದಿಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಅಕ್ಕ ಹೇಳಿದ ಆರು ಅಂಕಿಗಳನ್ನು ಒಂದೊಂದಾಗಿ ಒತ್ತತೊಡಗಿದರು.